ಎರಡು ಟೈರಿಗೆ ಹಂಚಿದ ಕಪ್ಪು

ಕಪ್ಪು, ಅಂದರೆ ಮಸಿಯಂಥ ಪುಡಿ, ಬೆರೆಸಿದ ರಬ್ಬರಿನ ಪಟ್ಟಿಯೊಂದನ್ನು ತೊಲೆಗೆ ತೂಗುಹಾಕಿ ಕೆಳಗೆ ತೂಕ ಕಟ್ಟಿದರೆ, ಮೊದಲ ಸಲ ಅದು ಬಿಗಿಯಾಗಿ ನಿಲ್ಲುತ್ತದೆ. ಬಿಚ್ಚಿ ಅದೇ ತೂಕವನ್ನು ಮತ್ತೆ ಕಟ್ಟಿದರೆ ಇನ್ನೊಂದಿಷ್ಟು ಹೆಚ್ಚು ಜಗ್ಗುತ್ತದೆ. ಮೂರನೆಯ ಸಲದ ಹೊತ್ತಿಗೆ ಅದಕ್ಕೆ ಒಗ್ಗಿಹೋಗಿರುತ್ತದೆ. ಮೊದಲ ಸಲದ ಆ ಬಿಗಿ ಮತ್ತೆ ಬರುವುದಿಲ್ಲ. ಕಪ್ಪಿಲ್ಲದ ಬರೀ ರಬ್ಬರಿನಲ್ಲಿ ಈ ಗುಣ ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಭಾವನ ಟೈರು ಶೆಡ್ಡು ಇತ್ತು. ಕಿಲೋ ಬಂದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಸೇರಿನ ಕಲ್ಲುಗಳನ್ನು ಅಲ್ಲಿಯ ತೊಲೆಗೆ ಕಟ್ಟಿ ಕಟ್ಟಿ ನೋಡಿದ್ದು. ಆ ಶೆಡ್ಡಿನ ಕಥೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಮೊದಲು ಹೇಳಿದಾಗ ನಡುವೆ ಎಲ್ಲೋ ಮಾತು ನಿಂತುಹೋಗಿತ್ತು. ಈಗ ಎಲ್ಲೂ ನಿಲ್ಲುವುದಿಲ್ಲ, ಸಲೀಸಾಗಿ ಬರುತ್ತದೆ. ಸಲೀಸಾಗಿ ಬರುವುದರಿಂದಲೇ ಅದರ ಮೇಲೆ ನನಗೆ ನಂಬಿಕೆ ಹೋಗಿದೆ. ಎಲ್ಲಿ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲವೆಂದೇ ಬರೆಯುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ಅಲ್ಲಿಯ ಹೈಸ್ಕೂಲಿಗೆ ಸೈನ್ಸ್ ಮೇಷ್ಟ್ರಾಗಿ ಹೋದೆ. ಅಕ್ಕನ ಮನೆ ಅದೇ ಊರಿನಲ್ಲಿ ಇದ್ದದ್ದರಿಂದ ಅಲ್ಲೇ ಉಳಿದೆ. ಭಾವ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವರು, ಕಬ್ಬು ಬೆಳೆಯುವ ಮನೆತನ. ನಾಲ್ವರು ಅಣ್ಣತಮ್ಮಂದಿರು. ಅಪ್ಪ ತೀರಿಕೊಂಡ ಮೇಲೆ ನಾಲೆಯ ಕೆಳಗಿನ ಗದ್ದೆಯನ್ನು ಪಾಲು ಮಾಡುವ ಮಾತು ಬಂತು. ನಾಲ್ಕು ಮಾಡಿದರೆ ಒಬ್ಬೊಬ್ಬನಿಗೆ ಬರುವುದರಲ್ಲಿ ಒಂದು ಜೊತೆ ಎತ್ತು ಸರಿಯಾಗಿ ತಿರುಗಲಾರದು. "ಇಂಗೆ ಹಂಚ್ಕಂಡ್ರೆ ನಾಕು ಜನಾನೂ ಅರೆಹೊಟ್ಟೆ. ಒಬ್ಬ ಎದ್ದೋದ್ರೆ ಮೂರು ಜನಾರ ಉಣ್ತಾರೆ" ಎಂದು ಭಾವ ಎದ್ದರಂತೆ. ತಮ್ಮ ಪಾಲನ್ನು ದೊಡ್ಡಣ್ಣನಿಗೆ ಬಿಟ್ಟುಕೊಟ್ಟರು. ಅದರ ಬದಲಿಗೆ ಬಂದದ್ದರಲ್ಲಿ ರಬ್ಬರು ನಾದುವ ರೋಲರ್ ಮಿಲ್ಲು, ಟೈರು ಬೇಯಿಸುವ ಅಚ್ಚು, ಒಂದು ಹಳೆಯ ಬಾಯ್ಲರು ತಂದರು. ಆಗ ನಮ್ಮ ಕಡೆ ಮರದ ಗಾಲಿ ಹೋಗಿ ಟೈರಿನ ಗಾಡಿಗಳು ಬರುತ್ತಿದ್ದವು. ಕಬ್ಬು ಹೇರಿಕೊಂಡು ಹೋಗುವ ಗಾಡಿಯ ಟೈರು ಬೇಗ ಸವೆಯುತ್ತದೆ. ಸವೆದ ಟೈರಿಗೆ ಹೊಸ ತಳ ಹಾಕುವುದು ಭಾವನ ಕಸುಬು. ಅಂಗಡಿ ನಿಂತರೆ ಬದುಕು ನಿಂತಂತೆ. ಅದು ಬಿದ್ದರೆ ಹಿಂದಕ್ಕೆ ಹೋಗಲು ಊರು ಇತ್ತು, ನೆಲ ಇರಲಿಲ್ಲ. ಅಣ್ಣನ ಕಣದಲ್ಲಿ ಆಳಾಗಿ ನಿಲ್ಲಬೇಕಿತ್ತು. ಇದು ಅವರಿಗೂ ಅಕ್ಕನಿಗೂ ಗೊತ್ತಿತ್ತು.

ಕೇರಳದಿಂದ ಹೊಗೆ ಹಾಕಿ ಒಣಗಿಸಿದ ರಬ್ಬರಿನ ಹಾಳೆಗಳು ಬರುತ್ತಿದ್ದವು. ಹಳೆಯ ಬೆಲ್ಲದ ಬಣ್ಣ. ಅವನ್ನು ಮಿಲ್ಲಿನ ಎರಡು ಕಬ್ಬಿಣದ ಉರುಳೆಗಳ ನಡುವೆ ಬಿಟ್ಟು ಮೆತ್ತಗಾಗುವ ತನಕ ನಾದಬೇಕು. ಮೆತ್ತಗಾದ ಮೇಲೆ ಗಂಧಕ, ಒಂದೆರಡು ಬಿಳಿ ಪುಡಿ, ಕಡೆಗೆ ಕಪ್ಪು. ಚೀಲದ ಮೇಲೆ ಕಾರ್ಬನ್ ಬ್ಲ್ಯಾಕ್ ಎಂದು ಅಚ್ಚಾಗಿರುತ್ತಿತ್ತು. ಶೆಡ್ಡಿನಲ್ಲಿ ಅದರ ಹೆಸರು ಕಪ್ಪು, ಅಷ್ಟೆ. ಅದನ್ನು ಒಮ್ಮೆಲೇ ಸುರಿಯುವಂತಿಲ್ಲ. ಸ್ವಲ್ಪ ಸ್ವಲ್ಪ ಉದುರಿಸುತ್ತ, ಉರುಳೆಗೆ ಸುತ್ತಿಕೊಂಡ ರಬ್ಬರನ್ನು ಚಾಕುವಿನಿಂದ ಕೊಯ್ದು, ಮಡಚಿ, ಮತ್ತೆ ಒಳಕ್ಕೆ ಬಿಡಬೇಕು. "ಮುದ್ದೆ ತಿರುವ್ದಂಗೆ ಕಣ್ಲಾ, ಗಂಟುಳಿದ್ರೆ ಕೆಟ್ಟೋಯ್ತು" ಎನ್ನುತ್ತಿದ್ದರು ಭಾವ. ಆ ಕಪ್ಪು ಗಾಳಿಯಲ್ಲಿ ಹಾರಿ ಕಿವಿ, ಮೂಗು, ಉಗುರಿನ ಸಂದಿ ಎಲ್ಲ ಹೊಕ್ಕು ಕೂರುತ್ತಿತ್ತು. ಸ್ನಾನ ಮಾಡಿ ಬಂದವರ ಕತ್ತಿನಿಂದ ಮತ್ತೆ ಕಪ್ಪು ಬೆವರು ಇಳಿಯುತ್ತಿತ್ತು.

"ನಿಮ್ ಭಾವನ ಬಟ್ಟೆ ಒಗ್ದೂ ಒಗ್ದೂ ಕಲ್ಲು ಸವ್ದೋಯ್ತು, ಕಪ್ಪು ಮಾತ್ರ ಅಂಗೇ ಅದೆ" ಎಂದು ಅಕ್ಕ ಹೇಳುತ್ತಿದ್ದಳು. ಆಗ ಮನೆಯಲ್ಲಿ ಎಳೆ ಕೂಸು, ಅವರ ಮಗಳು. ಅಪ್ಪ ಎತ್ತಿಕೊಂಡರೆ ಕೂಸಿನ ಬೆನ್ನಿನ ಮೇಲೆ ಐದು ಬೆರಳು ಮೂಡುತ್ತಿದ್ದವು. ದೃಷ್ಟಿಬೊಟ್ಟು ಬೇರೆ ಇಡುವ ಕೆಲಸವಿಲ್ಲ ಎಂದು ನೆರೆಯವರು ನಗುತ್ತಿದ್ದರು. ಆದರೂ ಅಕ್ಕ ಇಡುತ್ತಿದ್ದಳು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಅದಕ್ಕೆ ಕಟ್ಟಿದ ಮಸಿಯನ್ನು ಹಕ್ಕಿಯ ಗರಿಯಿಂದ ಒರೆಸಿ ತೆಗೆದು ಕಾಡಿಗೆ ಮಾಡುತ್ತಿದ್ದಳು.

ಬರೀ ರಬ್ಬರಿನಲ್ಲಿ ತಳ ಹಾಕಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಭಾವ ನನ್ನ ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದು ನೆಲಕ್ಕೆ ಉಜ್ಜಿ ತೋರಿಸಿದರು. ಪುಡಿಪುಡಿಯಾಯಿತು. ಆಮೇಲೆ ಟೈರಿನ ತುಂಡೊಂದನ್ನು ಉಜ್ಜಿದರು. ನೆಲದ ಗಾರೆಯೇ ಎದ್ದು ಬಂತು. ಕಾಡಿಗೆಯಂಥ ಪುಡಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎನ್ನುವುದು ನನ್ನ ತಲೆಗೆ ಹೊಕ್ಕಿತು. ಮೈಸೂರಿಗೆ ಹೋದಾಗ ಓದಿದ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿ, ಬಂದು ಭಾವನಿಗೆ ಹೇಳಿದೆ. ಈ ಪುಡಿಯ ಒಂದು ಕಣ ನಮ್ಮ ಸ್ಕೂಲಿನ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಕಣ ಸಣ್ಣದಾದಷ್ಟೂ ಅದರ ಮೈ ಜಾಸ್ತಿ, ಮೈ ಜಾಸ್ತಿಯಾದಷ್ಟೂ ರಬ್ಬರು ಕಚ್ಚಿಕೊಳ್ಳಲು ಜಾಗ ಜಾಸ್ತಿ. ಒಂದು ಹಿಡಿ ಕಪ್ಪಿನ ಕಣಗಳ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಹತ್ತು ಗುಂಟೆ ಗದ್ದೆ ಮುಚ್ಚಬಹುದು.

ಭಾವ ಚೀಲದೊಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದರು.

"ಅಂಗಾರೆ ನಮ್ಮಣ್ಣಂಗೆ ನಾ ಬುಟ್ಕೊಟ್ಟ ಗದ್ದೆ ನಾಕು ಹಿಡಿ ಕಣ್ಲಾ" ಎಂದರು. "ಈ ಚೀಲ್ದಲ್ಲಿ ಊರೇ ಅದೆ."

ಆ ಮಾತನ್ನು ಅವರು ಹಾಗೇ ಆಡಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಅವರು ಅಷ್ಟು ಖುಷಿಯಾಗಿ ಏನನ್ನೂ ಹೇಳಲಿಲ್ಲ.

ಮುಂದಿನ ವರ್ಷವೇ ಕಪ್ಪು ನಿಂತುಹೋಯಿತು. ಹಡಗಿನಲ್ಲಿ ಬರಬೇಕಾದ ಮಾಲು, ಬರುತ್ತಿಲ್ಲ, ಬಂದದ್ದೂ ದೊಡ್ಡ ಕಾರ್ಖಾನೆಗಳಿಗೇ ಸಾಲದು ಎಂದು ಕಪ್ಪು ಕೊಡುತ್ತಿದ್ದ ಮೈಸೂರಿನ ವ್ಯಾಪಾರಿ ಕೈ ಅಲ್ಲಾಡಿಸಿದ. ಭಾವ ಮತ್ತೆ ಮತ್ತೆ ಹೋಗಿ ಬಂದರು. ಶೆಡ್ಡಿನಲ್ಲಿ ಉಳಿದದ್ದು ಒಂದು ಚೀಲದ ತಳ. ಅದರ ಬಾಯಿ ಕಟ್ಟಿ ಮೂಲೆಯಲ್ಲಿಟ್ಟರು. ಗಾಡಿಯವರು ಸವೆದ ಟೈರು ತಂದು ಇಟ್ಟು ಹೋಗುತ್ತಲೇ ಇದ್ದರು.

ಆಲೆಮನೆಯ ಮಸಿಯ ಯೋಚನೆ ಯಾರಿಗೆ ಮೊದಲು ಬಂತೋ ತಿಳಿಯದು. ಬಹುಶಃ ಯಾರಿಗೂ ಬರಬೇಕಾಗಿರಲಿಲ್ಲ. ಅದು ಎಲ್ಲರ ಕಣ್ಣ ಮುಂದೆಯೇ ಇತ್ತು. ನಮ್ಮ ಕಡೆ ಬೆಲ್ಲ ಕಾಯಿಸುವ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು. ಅದರ ಹೊಗೆಗೂಡಿನ ಒಳಗೋಡೆಗೆ ಮಸಿ ಕೈಗಾತ್ರ ಕಟ್ಟಿಕೊಂಡಿರುತ್ತದೆ. ಮಸಿ ಎಂದರೆ ಎಲ್ಲದಕ್ಕೂ ಆಗುತ್ತದೆ ಎಂದು ಬೆಳೆದವರು ನಾವು. ಸ್ಲೇಟಿಗೆ ಬಳಿಯುವುದು, ಹಲ್ಲು ಉಜ್ಜುವುದು, ಬೆದರುಬೊಂಬೆಯ ಮಡಕೆಗೆ ಮುಖ ಬರೆಯುವುದು ಎಲ್ಲ ಅದರಲ್ಲೇ. ಸ್ಕೂಲಿನಲ್ಲಿ ತೊಂಡೆಸೊಪ್ಪು, ಇದ್ದಿಲು ಅರೆದು ಕರಿಹಲಗೆಗೆ ನಾವೇ ಬಳಿಯುತ್ತಿದ್ದೆವು. ಬೆಲ್ಲದ ಸೀಮೆಯವನೊಬ್ಬ ಕಪ್ಪು ಸಿಗದೆ ಅಂಗಡಿ ಮುಚ್ಚಿದ ಎಂದರೆ ಜನ ನಗುತ್ತಿದ್ದರು.

ಕ್ಯಾತನಹಳ್ಳಿಗೆ ನಾನೂ ಜೊತೆಗೆ ಹೋದೆ. ಗಾಣ ನಿಂತಿತ್ತು, ಒಲೆ ಆರಿತ್ತು. ಭಾವ ಹೊಗೆಗೂಡಿನೊಳಕ್ಕೆ ಬಗ್ಗಿ ಸಲಿಕೆಯಿಂದ ಕೆರೆದು ಗೋಣಿಚೀಲಕ್ಕೆ ತುಂಬುತ್ತಿದ್ದರು. ಅವರ ದೊಡ್ಡಣ್ಣ ಕೊಪ್ಪರಿಗೆಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಏನ್ಲಾ, ಗದ್ದೆ ಬುಟ್ಟೋದೋನು ಮಸಿಗೆ ಬಂದ್ಯಾ?"

ಭಾವ ತಲೆ ಎತ್ತಲಿಲ್ಲ. "ಇದೂ ಬ್ಯಾಡ ಅಂದ್ರೆ ಬುಡ್ತೀನಿ ಕಣಣ್ಣ."

"ತಕಂಡೋಗ್ಲಾ. ಇದ್ರಲ್ಲಿ ಯಾರೂ ಪಾಲು ಕೇಳಕಿಲ್ಲ" ಎಂದು ಅಣ್ಣ ನಕ್ಕರು. ಕೆಟ್ಟ ನಗೆಯೇನಲ್ಲ. ಹೊರಡುವಾಗ ಒಂದು ಕುಕ್ಕೆ ಬೆಲ್ಲವನ್ನೂ ಗಾಡಿಗೆ ಇಡಿಸಿದರು.

ಮಸಿಯನ್ನು ಅಕ್ಕನ ಹಳೆಯ ಸೀರೆಯ ತೆಳು ಬಟ್ಟೆಯಲ್ಲಿ ಸೋಸಿದೆವು. ಬಟ್ಟೆಯ ಮೇಲೆ ಬೂದಿಯ ಹರಳು ಉಳಿಯಿತು, ಕೆಳಗೆ ಇಳಿದದ್ದು ನೋಡಲು ಅದೇ ಕಪ್ಪು. ಮಿಲ್ಲಿನಲ್ಲಿ ರಬ್ಬರು ಅದನ್ನು ಬೇಗ ಒಳಕ್ಕೆ ಎಳೆದುಕೊಂಡಿತು, ಹಳೆಯ ಕಪ್ಪಿಗಿಂತ ಬೇಗ. ಉರುಳೆ ಅಷ್ಟಾಗಿ ಬಿಸಿಯಾಗಲಿಲ್ಲ, ಬೆಲ್ಟು ಜಾರಲಿಲ್ಲ. ಸುಲಭವಾಗಿ ಬೆರೆತದ್ದೇ ಕೇಡಿನ ಗುರುತು ಎನ್ನುವುದು ಈಗ ಗೊತ್ತು. ಆಗ ಅದನ್ನು ಒಳ್ಳೆಯ ಶಕುನವೆಂದುಕೊಂಡೆವು. ಅಚ್ಚಿನಿಂದ ತೆಗೆದ ಟೈರು ಮೈ ತೊಳೆದ ಎಮ್ಮೆಯ ಹಾಗೆ ಹೊಳೆಯುತ್ತಿತ್ತು. ಭಾವ ಅದರ ಪಕ್ಕಕ್ಕೆ ಸುಣ್ಣದ ಬೊಟ್ಟು ಇಟ್ಟರು. "ಕೂಸಿಗೆ ಕರಿ ಬೊಟ್ಟು, ಟೈರಿಗೆ ಬಿಳಿ ಬೊಟ್ಟು. ದೃಷ್ಟಿ ಎಲ್ಲಾರ್ಗೂ ಒಂದೇಯ" ಎಂದರು.

ಗಾಡಿಗಳಿಗೆ ಹಾಕಿದ ಟೈರುಗಳು ಕೆಡದೆ ನಿಂತವು. ಎತ್ತು ಎಳೆಯುವ ಗಾಡಿ, ಮಣ್ಣಿನ ದಾರಿ, ತಣ್ಣಗಿನ ಕಾಲ. ಟೈರಿಗೆ ಅಲ್ಲಿ ಪರೀಕ್ಷೆಯೇ ಇರಲಿಲ್ಲ.

ನಾನು ಪಟ್ಟಿ ಕಟ್ಟಿ ನೋಡಿದ್ದು ಆ ದಿನಗಳಲ್ಲೇ. ಯಾಕೆ ನೋಡಿದೆನೋ, ಮೇಷ್ಟ್ರಿಕೆಯ ಚಟವಿರಬೇಕು. ಒಂದೇ ಅಗಲಕ್ಕೆ ಪಟ್ಟಿ ಕೊಯ್ದು, ತೊಲೆಗೆ ಸಿಗಿಸಿ ಕಲ್ಲು ಕಟ್ಟಿದೆ. ಹಳೆಯ ಕಪ್ಪಿನ ಪಟ್ಟಿ ಒಂದೊಂದು ಕಲ್ಲಿಗೂ ಜಗಳವಾಡಿತು. ಕಡೆಗೆ ಹರಿದಾಗಲೂ ನೇರವಾಗಿ ಹರಿಯದೆ, ಹೊಡೆತ ತಿಂದ ಹಗ್ಗದ ಹಾಗೆ ಅಡ್ಡಾದಿಡ್ಡಿ ಸೀಳಿ ಹರಿಯಿತು. ಆಲೆಮನೆಯ ಮಸಿಯ ಪಟ್ಟಿ ಸುಮ್ಮನೆ ಜಗ್ಗಿತು. ಜಗ್ಗಿದಂತೆ ಅದರ ಮೈಯಲ್ಲಿ ಬಿಳಿ ಬಿಳಿ ಚುಕ್ಕೆ ಎದ್ದವು. ಒಂದೊಂದು ದಪ್ಪ ಕಣದ ಸುತ್ತಲೂ ರಬ್ಬರು ಬಿಟ್ಟುಕೊಂಡು ಸಣ್ಣ ತೂತಾಗುತ್ತಿತ್ತು. ಅರ್ಧದಷ್ಟು ಕಲ್ಲಿಗೇ ಅದು ಕಾಗದ ಹರಿದ ಹಾಗೆ ಹರಿಯಿತು. ಬಟ್ಟೆಯಲ್ಲಿ ಸೋಸಿದ್ದು ನಮ್ಮ ಕಣ್ಣಿಗೆ ನುಣುಪು. ರಬ್ಬರಿಗೆ ಅದು ಜಲ್ಲಿ.

ಆಮೇಲೆ ಅಕ್ಕನನ್ನು ಕೇಳಿ ದೀಪದ ಮಸಿ ತೆಗೆದುಕೊಂಡೆ. ಕಾಡಿಗೆ ಮಾಡಲು ಎಣ್ಣೆ ಕಲೆಸುವ ಮುಂಚಿನದು, ಒಂದು ಚಮಚವೂ ಆಗಲಾರದು. ಭಾವ ಅದನ್ನು ಬೆರಳಗಲದ ರಬ್ಬರಿಗೆ ಬೆರೆಸಿ ಬೇಯಿಸಿಕೊಟ್ಟರು. ಆ ಪಟ್ಟಿ ನಿಂತಿತು. ಹಳೆಯ ಕಪ್ಪಿನಷ್ಟಲ್ಲದಿದ್ದರೂ ನಿಂತಿತು. ಎಣ್ಣೆಯ ದೀಪ ನಿಧಾನವಾಗಿ ಉಸಿರುಗಟ್ಟಿ ಉರಿಯುವಾಗ ಕಟ್ಟುವ ಮಸಿ ಅಷ್ಟು ಸಣ್ಣ. ಮೂವರೂ ಅದನ್ನು ನೋಡುತ್ತ ನಿಂತೆವು. ಕೂಸು ಅಕ್ಕನ ಕಂಕುಳಲ್ಲಿತ್ತು.

"ಒಂದು ಟೈರಿಗೆ ಇಂತಾದ್ದು ಎಷ್ಟು ಬೇಕಾಯ್ತದೆ?" ಎಂದು ಅಕ್ಕ ಕೇಳಿದಳು.

"ಮಂಕ್ರಿ ತುಂಬ" ಎಂದರು ಭಾವ.

"ಸೀಮೇಲಿರೋ ಮನೆಮನೇಲೂ ದೀಪ ಹಚ್ಚುದ್ರೂ ಬತ್ತದಾ?"

ಭಾವ ಕೈ ಬಿಡಲಿಲ್ಲ. ರೇಷನ್ನಿನ ಸೀಮೆಎಣ್ಣೆಯನ್ನೆಲ್ಲ ಸಾಲು ಬುಡ್ಡಿಗಳಿಗೆ ಸುರಿದು, ಮೇಲೆ ಮಡಕೆಗಳನ್ನು ಕವುಚಿ, ಶೆಡ್ಡಿನ ಬಾಗಿಲು ಹಾಕಿಕೊಂಡು ಕೂತರು. ಹೊರಗೆ ಬಂದಾಗ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು. ಬಂದ ಮಸಿ ಒಂದು ಹಾಲಿನ ಲೋಟದಷ್ಟು. ಆ ವಾರವೆಲ್ಲ ಮನೆಯಲ್ಲಿ ಬೆಳಕಿಲ್ಲ. ದೀಪದ ಮಸಿಯ ಆ ಪಟ್ಟಿ ಹರಿದುಹೋಗಿದ್ದರೆ ಎಷ್ಟೋ ಒಳ್ಳೆಯದಿತ್ತು. ದಾರಿ ಇದೆ, ಅದರಲ್ಲಿ ನಾವು ಹೋಗಲಾರೆವು ಎಂದು ಅದು ತೋರಿಸಿಕೊಟ್ಟಿತು. ನಾನು ಹೆಮ್ಮೆಯಿಂದ ಸಾಧಿಸಿ ತೋರಿಸಿದ್ದೂ ಅಷ್ಟೇ.

ಬಸ್ಸಿನ ಡ್ರೈವರು ಬಂದದ್ದು ಆಗ. ಶ್ರೀರಂಗಪಟ್ಟಣದ ಸಾಬರು, ನಡುವಯಸ್ಸಿನವರು. ಅಲ್ಲಿಂದ ಬೆಳಿಗ್ಗೆ ಹೊರಟು ಪಾಂಡವಪುರ, ಕೃಷ್ಣರಾಜಪೇಟೆ ಹಾದು ನಾಗಮಂಗಲಕ್ಕೆ ಹೋಗುವ ಖಾಸಗಿ ಬಸ್ಸನ್ನು ಅವರು ಓಡಿಸುತ್ತಿದ್ದರು. ಬಸ್ಸು ನಿಂತಿದ್ದಷ್ಟು ಹೊತ್ತು ಶೆಡ್ಡಿಗೆ ಬಂದು ಬೀಡಿ ಸೇದುವುದು ಅವರ ರೂಢಿ. ಗಾಡಿ ಟೈರುಗಳನ್ನು ದಿನಾ ನೋಡಿ ಮಾಲೀಕರಿಗೆ ಹೇಳಿದ್ದಾರೆ.

"ಗೌಡ್ರೇ, ನಮ್ಮ ಸಾವ್ಕಾರ್ರು ಒಪ್ಪವ್ರೆ. ಹಿಂದ್ಗಡೆ ಜೋಡಿ ಎರಡು ಟೈರು ಕೊಡ್ತಾರೆ. ನಿಂತ್ರೆ ಇರೋಬರೋ ಬಸ್ಸೆಲ್ಲಾ ನಿಮ್ದೇ. ಬೆಂಗ್ಳೂರ್‌ಗೆ ಕಳ್ಸೋದು ಬಂದ್."

"ನಿಂತ್ರೆ" ಎಂದರು ಭಾವ.

"ನಿಲ್ದೇ ಏನು? ಬೈಲ್‌ಗಾಡಿಗೆ ನಿಂತದೆ, ಬಸ್ಸಿಗೂ ನಿಂತದೆ. ರಸ್ತೆ ಒಂದೇ ಅಲ್ವಾ?"

ಟೈರು ಎರಡೂ ಬಂದು ಶೆಡ್ಡಿನ ಗೋಡೆಗೆ ಒರಗಿ ಕೂತವು. ಮೂಲೆಯಲ್ಲಿದ್ದ ಚೀಲದ ಬಾಯಿ ಬಿಚ್ಚಿ ನೋಡಿದರು ಭಾವ. ಹಳೆಯ ಕಪ್ಪು ಒಂದು ಟೈರಿಗೆ ಸರಿಯಾಗಿ ಆಗುವಷ್ಟು ಇತ್ತು. ಎರಡಕ್ಕೆ ಆಗುವಷ್ಟಿರಲಿಲ್ಲ.

ಮನೆಯಲ್ಲಿ ಮಾತಾಯಿತು. ಮುದ್ದೆಯ ಮುಂದೆ ಕೂತೇ ಆಯಿತು, ಅದು ನನಗೆ ಖಂಡಿತ ನೆನಪಿದೆ, ಯಾಕೆಂದರೆ ಭಾವ ಉಣ್ಣಲಿಲ್ಲ.

"ಒಂದೇ ಮಾಡ್ಕೊಡಿ" ಎಂದಳು ಅಕ್ಕ. "ಇನ್ನೊಂದುಕ್ಕೆ ಮಾಲಿಲ್ಲ ಅಂತ ಇದ್ದಿದ್ದು ಇದ್ದಂಗೆ ಹೇಳಿ."

"ಒಂದೇ ಮಗ್ಗುಲಲ್ಲಿ ಅಕ್ಕಪಕ್ಕ ಉರುಳೋ ಜೋಡಿ ಟೈರು ಕಣಮ್ಮಿ ಅವು. ಒಂದು ಹೊಸ್ದು ಒಂದು ಸವ್ದಿದ್ದು ಹಾಕಿದ್ರೆ ಹೊಸ್ದರ ಮ್ಯಾಲೇ ಭಾರ ಬಿದ್ದು ಅದೂ ಹೋಯ್ತದೆ. ಒಂದ್ ಕಾಲಿಗೆ ಎಕ್ಕಡ ಹೊಲ್ಕೊಡ್ತೀನಿ ಅಂದ್ರೆ ಯಾರು ಬತ್ತಾರೆ?"

"ಭಾವ, ಬೆರೆಸಿದರೆ ಎರಡೂ ಹೋಗಬಹುದು" ಎಂದೆ. "ಪಟ್ಟಿ ನೋಡಿದಿರಲ್ಲ."

"ಅದು ಬರೀ ಮಸಿ. ಇದು ಅರ್ಧ ಅರ್ಧ. ಅರ್ಧದ ಪಟ್ಟಿ ನೀನು ಕಟ್ಟಿದ್ದೀಯಾ, ಮೇಷ್ಟ್ರೇ?"

ಕಟ್ಟಿರಲಿಲ್ಲ. ಕಟ್ಟಿ ನೋಡಲು ಖರ್ಚು ಮಾಡುವಷ್ಟು ಕಪ್ಪೂ ಇರಲಿಲ್ಲ.

ಮಾರನೆಯ ದಿನ ಭಾವ ಕಪ್ಪನ್ನು ಎರಡು ಗುಡ್ಡೆ ಮಾಡಿದರು. ಒಂದರಲ್ಲಿ ಹೆಚ್ಚು ಕಂಡರೆ ಕೈಯಿಂದ ಬಾಚಿ ಇನ್ನೊಂದಕ್ಕೆ ಹಾಕಿ, ಮತ್ತೆ ನೋಡಿ, ಮತ್ತೆ ಬಾಚಿ, ಹಬ್ಬದ ಮಾಂಸದ ಗುಡ್ಡೆ ಹಾಕುವವರ ಹಾಗೆ ಸಮ ಮಾಡಿದರು. ಎರಡಕ್ಕೂ ಆಲೆಮನೆಯ ಮಸಿ ಬೆರೆಸಿ ತೂಕ ತುಂಬಿಸಿದರು. ಅಣ್ಣತಮ್ಮಂದಿರ ಪಾಲಿನಿಂದ ಎದ್ದು ಬಂದ ಮನುಷ್ಯ ಹೀಗೆ ಕುಕ್ಕರಗಾಲಲ್ಲಿ ಕೂತು ಪಾಲು ಮಾಡಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಗ ನನಗೆ ಏನೂ ಹೊಳೆದಿರಲಿಲ್ಲ. ಹೊಳೆದಿತ್ತು ಎಂದು ಹಿಂದೊಮ್ಮೆ ಬರೆದಿದ್ದೇನೆ. ಅದು ಸುಳ್ಳು.

ಬೇಸಿಗೆ. ಬಸ್ಸು ಹೊಸ ತಳದ ಟೈರಿನ ಮೇಲೆ ಓಡತೊಡಗಿತು. ನಾಗಮಂಗಲದ ಕಡೆ ಆಗಿನ ರಸ್ತೆ ಎಂದರೆ ಕಲ್ಲು ಎದ್ದ ರಸ್ತೆ. ಬಸ್ಸಿನ ಒಳಗೆ ಎಷ್ಟು ಜನವೋ ಮೇಲೆ ಅಷ್ಟೇ ಜನ, ಮೂಟೆ ಬೇರೆ. ಬಸ್ಸು ಬಂದು ನಿಂತ ಕೂಡಲೇ ಭಾವ ಕೆಲಸ ಬಿಟ್ಟು ಹೋಗಿ ಹಿಂದಿನ ಚಕ್ರದ ಪಕ್ಕ ಕೂರುತ್ತಿದ್ದರು. ಅಂಗೈಯನ್ನು ಟೈರಿಗೆ ಒತ್ತುತ್ತಿದ್ದರು. ಟೈರು ಉರುಳುವಾಗ ಪ್ರತಿ ಸುತ್ತಿಗೂ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಒಳಗೇ ಕಾಯುತ್ತದೆ. ಕಪ್ಪಿನ ಹಿಡಿತ ಇಲ್ಲದ ಕಡೆ ಆ ಕಾವಿಗೆ ರಬ್ಬರು ಸೋಲುತ್ತದೆ. ಅವರು ಅಂಗೈ ಎಷ್ಟು ಹೊತ್ತು ಇಟ್ಟಿರುತ್ತಾರೆ ಎನ್ನುವುದನ್ನು ನಾನು ಸ್ಕೂಲಿಗೆ ಹೋಗುವ ದಾರಿಯಿಂದ ನೋಡುತ್ತಿದ್ದೆ. ದಿನ ಕಳೆದಂತೆ ಬೇಗ ತೆಗೆಯುತ್ತಿದ್ದರು.

"ಏನ್ ಗೌಡ್ರೇ, ನಾಡಿ ನೋಡ್ತಾ ಇದ್ದೀರಾ? ಜ್ವರ ಅದಾ?" ಎಂದು ಡ್ರೈವರು ಮೇಲಿಂದ ಕೇಳುತ್ತಿದ್ದರು.

"ವಸಿ ಅದೆ" ಎನ್ನುತ್ತಿದ್ದರು ಭಾವ.

ಮೊದಲು ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದವು. ಆಮೇಲೆ ನಡುವೆ. ಬಸ್ಸಿನ ಮಾಲೀಕರಿಗೆ ಹೇಳಿ ಟೈರು ಕೆಳಗಿಳಿಸಿ ಎಂದು ಅಕ್ಕ ಹೇಳಿದಳು. ಹೇಳುತ್ತೇನೆ ಎಂದರು ಭಾವ. ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅಕ್ಕನನ್ನು ಬಹಳ ವರ್ಷದ ಮೇಲೆ ಕೇಳಿದೆ, ಅವಳೂ ಗೊತ್ತಿಲ್ಲ ಎಂದಳು. ಈ ಒಂದು ಜಾಗವನ್ನು ನಾನು ತುಂಬುವುದಿಲ್ಲ.

ಒಂದು ಮಧ್ಯಾಹ್ನ ಬಸ್ಸು ಬರಲಿಲ್ಲ. ಇಳಿಹೊತ್ತಿಗೆ ಒಂದು ಲಾರಿ ಬಂತು. ಅದರಿಂದ ಡ್ರೈವರು ಇಳಿದರು, ಆಮೇಲೆ ಎರಡು ಟೈರು ಇಳಿಸಿಕೊಂಡರು. ಒಂದರ ತಳ ಸುಲಿದ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜೋತಾಡುತ್ತಿತ್ತು. ಇನ್ನೊಂದಕ್ಕೆ ತಳವೇ ಇರಲಿಲ್ಲ, ಕ್ಯಾನ್ವಾಸಿನ ದಾರ ಎದ್ದಿತ್ತು. ಪಕ್ಕದ ಸುಣ್ಣದ ಬೊಟ್ಟು ಎರಡಕ್ಕೂ ಹಾಗೆಯೇ ಉಳಿದಿತ್ತು.

ಸುಣ್ಣದ ಬೊಟ್ಟಿನ ಬಗ್ಗೆ ಅಕ್ಕನದು ಬೇರೆ ಮಾತು. ಆ ಎರಡು ಟೈರಿಗೆ ಬೊಟ್ಟು ಇಡಲೇ ಇಲ್ಲ, ಇಡಲು ಹೋದವರು ಸುಣ್ಣದ ಡಬ್ಬಿ ಹಾಗೇ ಕೆಳಗಿಟ್ಟರು ಎನ್ನುತ್ತಾಳೆ. "ನೀನು ಎಲ್ಲಾನೂ ಚೆಂದಾಗಿ ಕೂರ್ಸ್ಬುಡ್ತೀಯ ಕಣ್ಲಾ" ಎನ್ನುತ್ತಾಳೆ. ನನ್ನ ಕಣ್ಣಿಗೆ ಬೊಟ್ಟು ಸ್ಪಷ್ಟವಾಗಿ ಕಾಣುತ್ತದೆ. ಬೊಟ್ಟು ಇದ್ದರೆ ಕಥೆಗೆ ಒಪ್ಪುತ್ತದೆ, ಹಾಗಾಗಿ ಅವಳು ಹೇಳಿದ್ದೇ ನಿಜವಿರಬೇಕು.

"ಯಾರ್ಗೂ ಏನೂ ಆಗಿಲ್ಲ" ಎಂದರು ಡ್ರೈವರು ಮೊದಲಿಗೇ. "ನಾಗಮಂಗಲ ಇನ್ನೂ ದೂರ ಇತ್ತು. ದಡ್ ಅಂತು, ಗಾಡಿ ವಾಲ್ತು, ನಿಲ್ಸ್ದೆ. ಜನ ಇಳ್ದು ಬೈಕೊಂಡು ನಡ್ಕೊಂಡೋದ್ರು. ಒಬ್ಬಳು ಬಾಣಂತಿ ಇದ್ಲು, ಅವಳ್ನ ಬೈಲ್‌ಗಾಡಿ ಮೇಲೆ ಕಳ್ಸ್ದೆ."

ಭಾವ ಜೋತಾಡುತ್ತಿದ್ದ ತಳವನ್ನು ಬೆರಳಿನಿಂದ ಎತ್ತಿ ಒಳಗಡೆ ನೋಡಿದರು. ಬಿಳಿ ಚುಕ್ಕೆಗಳಿದ್ದವು.

"ಸಾವ್ಕಾರ್ರು?"

"ಅದ್ನ ಕೇಳ್ಬೇಡಿ." ಡ್ರೈವರು ಬೀಡಿ ಕಟ್ಟು ತೆಗೆದು, ಸೇದದೆ ಮತ್ತೆ ಜೇಬಿಗೆ ಹಾಕಿದರು. "ನನ್ ಮಾತು ಕೇಳಿ ಕೊಟ್ಟಿದ್ರು. ಇನ್ನು ನನ್ ಮಾತೂ ನಡ್ಯಲ್ಲ. ಗೌಡ್ರೇ, ಒಂದು ಸಚ್ ಹೇಳ್ಬುಡಿ. ಗೊತ್ತಿತ್ತಾ?"

"ಅರ್ಧ" ಎಂದರು ಭಾವ.

ಡ್ರೈವರು ಆಮೇಲೆ ಶೆಡ್ಡಿಗೆ ಬರಲಿಲ್ಲ. ಬಸ್ಸು ನಿಂತಾಗ ಅಲ್ಲೇ ಸೀಟಿನಲ್ಲಿ ಕೂತು ಬೀಡಿ ಸೇದುತ್ತಿದ್ದರು. ಗಾಡಿಯವರಿಗೂ ಸುದ್ದಿ ಹೋಯಿತು. ಅವರ ಟೈರು ಇನ್ನೂ ಚೆನ್ನಾಗಿಯೇ ಇತ್ತು, ಆದರೂ ಬಂದು ತಮ್ಮ ತಮ್ಮ ಹಳೆಯ ಟೈರುಗಳನ್ನು ಉರುಳಿಸಿಕೊಂಡು ಹೋದರು. ಯಾರೂ ಜಗಳವಾಡಲಿಲ್ಲ. "ಆಮ್ಯಾಕೆ ತತ್ತೀನಿ ಬುಡಿ" ಎಂದರು. ಶೆಡ್ಡು ಖಾಲಿಯಾಗುತ್ತ ಹೋಯಿತು. ಕಡೆಗೆ ಮಿಲ್ಲನ್ನು ತುಮಕೂರಿನ ಕಡೆಯವರು ಯಾರೋ ಬಂದು ಬಿಚ್ಚಿ ಲಾರಿಗೆ ಏರಿಸಿದರು. ಅದು ನಿಂತಿದ್ದ ಜಾಗದ ನೆಲ ಮಾತ್ರ ಬೆಳ್ಳಗಿತ್ತು.

ಭಾವ, ಅಕ್ಕ, ಕೂಸು ಕ್ಯಾತನಹಳ್ಳಿಗೆ ಹೋದರು. ದೊಡ್ಡಣ್ಣ ಕೊಟ್ಟಿಗೆಯ ಪಕ್ಕದ ಕೋಣೆ ಬಿಡಿಸಿಕೊಟ್ಟರು. ಒಳ್ಳೆಯ ಮಾತಿನಲ್ಲೇ ಕರೆದರು, ಒಳ್ಳೆಯ ಮಾತಿನಲ್ಲೇ ಕೆಲಸಕ್ಕೆ ಹಚ್ಚಿದರು. ಆಲೆಮನೆಯ ಒಲೆಗೆ ಉರಿ ಹಾಕುವ ಕೆಲಸ. ಬೆಲ್ಲದ ಹದ ನೋಡುವವನು ಮೇಲೆ ಕೊಪ್ಪರಿಗೆಯ ಪಕ್ಕ ನಿಲ್ಲುತ್ತಾನೆ. ಉರಿ ಹಾಕುವವನು ಕೆಳಗೆ ಗುಂಡಿಯಲ್ಲಿ, ಒಲೆಯ ಬಾಯಿಗೆ ಮುಖ ಕೊಟ್ಟು ಕೂರಬೇಕು.

ನಾನು ರಜೆಯಲ್ಲಿ ಹೋಗಿ ಬರುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ಒಮ್ಮೆ ಮೈಸೂರಿನಲ್ಲಿ ಹಳೆಯ ವ್ಯಾಪಾರಿಯ ಅಂಗಡಿಯ ಮುಂದೆ ಹಾದುಹೋದೆ. ಕಪ್ಪು ತುಂಬಿದ ಕಾಗದದ ಚೀಲಗಳನ್ನು ಸೂರಿನವರೆಗೆ ಪೇರಿಸಿದ್ದರು. ಈಗ ನಮ್ಮ ದೇಶದಲ್ಲೇ ಧಾರಾಳವಾಗಿ ಮಾಡುತ್ತಾರೆ, ಎಷ್ಟು ಬೇಕಾದರೂ ಒಯ್ಯಿರಿ ಎಂದ ವ್ಯಾಪಾರಿ. ನಾನು ಅಲ್ಲಿಂದ ನೇರವಾಗಿ ಕ್ಯಾತನಹಳ್ಳಿಯ ಬಸ್ಸು ಹತ್ತಿದೆ. ಯಾಕೆ ಹತ್ತಿದೆ, ಅದನ್ನು ಹೇಳಿ ಏನು ಮಾಡಬೇಕೆಂದಿದ್ದೆ ಎಂದು ಈಗಲೂ ತಿಳಿಯುವುದಿಲ್ಲ.

ಮಧ್ಯಾಹ್ನದ ಹೊತ್ತು. ಭಾವ ಗುಂಡಿಯಲ್ಲಿ ಕೂತು ಸಿಪ್ಪೆಯ ಕಂತೆಯನ್ನು ಕವೆಗೋಲಿನಿಂದ ಒಲೆಗೆ ನೂಕುತ್ತಿದ್ದರು. ಮುಖ, ತೋಳು, ಎದೆ ಎಲ್ಲ ಮಸಿ. ದೂರದಿಂದ ನೋಡಿದರೆ ಶೆಡ್ಡಿನಲ್ಲಿ ಇದ್ದ ಹಾಗೇ ಇದ್ದರು. ನಾನು ಅಂಚಿನಲ್ಲಿ ಕೂತೆ.

"ಭಾವ, ಮೈಸೂರಿಗೆ ಹೋಗಿದ್ದೆ. ಕಪ್ಪು ಬಂದಿದೆ."

"ಗೊತ್ತು ಕಣ್ಲಾ" ಎಂದರು, ತಿರುಗದೆ. "ಹೋದ್ ತಿಂಗ್ಳು ಅಣ್ಣ ಮೈಸೂರಿನ ಬೆಲ್ಲದ ಮಂಡಿಗೆ ಕಳ್ಸಿದ್ದ. ಆ ಅಂಗ್ಡಿಗಂಟ ನಡ್ದೋಗಿ ನೋಡ್ದೆ. ಒಂದು ಚೀಲ ಹರ್ದಿತ್ತು. ಕೈ ಹಾಕ್ದೆ."

"ಆಮೇಲೆ?"

"ಆಮ್ಯಾಲೇನು. ತೊಳ್ಕಂಡು ಬಂದೆ."

ಅವರು ತಮ್ಮ ಅಂಗೈಯನ್ನು ಬಿಡಿಸಿ ಒಲೆಯ ಬೆಳಕಿಗೆ ಹಿಡಿದು ನೋಡಿಕೊಂಡರು. ಈಗ ಮೆತ್ತಿದ್ದ ಮಸಿಯನ್ನು ಹೆಬ್ಬೆರಳಿನಿಂದ ತಿಕ್ಕಿದರು. ಗರಗರ ಎನ್ನುತ್ತಿತ್ತು, ಅಷ್ಟು ದೂರ ಕೂತಿದ್ದ ನನಗೂ ಕೇಳಿಸಿತು ಎಂದು ಬರೆಯಬೇಕೆನ್ನಿಸುತ್ತದೆ. ಗಾಣದ ಸದ್ದಿನಲ್ಲಿ ಅದು ಕೇಳಿಸಿರಲಾರದು.

"ಒಂದು ಹಿಡಿ ಹತ್ತು ಗುಂಟೆ ಅಂದಿದ್ದೆ ಅಲ್ವಾ ನೀನು?"

"ಹೂಂ."

"ಸರಿಯಾಗೇ ಹೇಳಿದ್ದೆ" ಎಂದರು.

ಮೇಲಿನಿಂದ ಅಣ್ಣನ ದನಿ ಬಂತು. "ಉರಿ ಸಾಲ್ದು ಕಣ್ಲಾ, ಪಾಕ ಕೆಟ್ಟೋಯ್ತದೆ." ಭಾವ ಕವೆಗೋಲು ತೆಗೆದುಕೊಂಡು ಮುಂದಿನ ಕಂತೆಯನ್ನು ಒಲೆಯೊಳಕ್ಕೆ ನೂಕಿದರು. ಹೊಗೆ ಎದ್ದು ಗೂಡಿನ ಕಡೆ ಹರಿಯಿತು.